ಯುಗಾದಿ ಬರುವುದರೊಳಗೆ ಶೆಡ್ಡಿನ ನೆಲ ಕಾಣಲಿ!

ಯುಗಾದಿ ಹತ್ತಿರ ಬಂತೆಂದರೆ ಮನೆಯೊಳಗೆ ಗಡಿಬಿಡಿಯೋ ಗಡಿಬಿಡಿ. ಗೋಡೆಗೆ ಸುಣ್ಣ-ಬಣ್ಣ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು, ಹಾಸಿಗೆ-ಹೊದಿಕೆಗೆ ಬಿಸಿಲು. ಒಳಮನೆ ಲಕಲಕ ಅನ್ನತೊಡಗುತ್ತದೆ. ಆದರೆ ಒಳಗಿನಿಂದ ತೆಗೆದ ಬೇಡದ ಸಾಮಾನು ಎಲ್ಲಿಗೆ ಹೋಗುತ್ತದೆ ಹೇಳಿ? ಸೀದಾ ಗಾಡಿ ನಿಲ್ಲಿಸುವ ಶೆಡ್ಡಿಗೆ, ಇಲ್ಲವೇ ಹಿತ್ತಲಿಗೆ! ಗ್ಯಾರೇಜ್ ಅಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಗಾಡಿ ರಿಪೇರಿ ಅಂಗಡಿ. ಮನೆ ಪಕ್ಕದಲ್ಲಿ ತಗಡು ಹೊದಿಸಿ ಕಾರು, ಬೈಕು ನಿಲ್ಲಿಸಿಕೊಳ್ಳುವುದು ಶೆಡ್ಡು. ಹೆಸರಿಗೆ ಗಾಡಿಯ ಜಾಗ. ಒಳಗಿರುವುದು ಮುರಿದ ಕುರ್ಚಿ, ಹಳೇ ಟೈರು, ಖಾಲಿ ಡಬ್ಬಿ, ಗೋಣಿಚೀಲ. ಗಾಡಿ ಮಾತ್ರ ರಸ್ತೆಯ ಬಿಸಿಲಿನಲ್ಲಿ!

ಹೊರಗಿನ ಜಾಗ ತಾನೇ, ಯಾರು ನೋಡುತ್ತಾರೆ ಅನ್ನಬೇಡಿ. ಚೇಳು, ಹಾವು, ಸೊಳ್ಳೆ ಮನೆಗೆ ಬರುವ ದಾರಿಯೇ ಅದು. ಅದಕ್ಕೆ ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳಿ: ನೆಲ ಕಾಣಬೇಕು. ಸಾಮಾನು ಗೋಡೆಗೆ ನೇತಾಡಲಿ, ಹಲಗೆಯ ಮೇಲೆ ಕೂರಲಿ, ನೆಲದ ಮೇಲೆ ಮಾತ್ರ ಬೇಡ.

ಹದಿನೈದು ದಿನ ಸಾಕು

ಹೋಳಿ ಹುಣ್ಣಿಮೆಯಿಂದ ಯುಗಾದಿ ಪಾಡ್ಯದವರೆಗೆ ಸಾಮಾನ್ಯವಾಗಿ ಹದಿನೈದು ದಿನ. ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕೇಳಲು ಓಣಿಯ ಹುಡುಗರು ಬಾಗಿಲಿಗೆ ಬಂದಾಗಲೇ ಕೆಲಸ ಶುರು ಮಾಡಿ. ಗೆದ್ದಲು ಹಿಡಿದ ಹಲಗೆ, ಮುರಿದ ಸ್ಟೂಲು ಕೊಟ್ಟು ಕಳಿಸಿ. ಟೈರು, ಪ್ಲಾಸ್ಟಿಕ್ ಮಾತ್ರ ಕೊಡಬೇಡಿ, ಅದರ ಹೊಗೆ ಆ ಮಕ್ಕಳ ಎದೆಗೇ ಹೋಗುವುದು.

ಒಂದೇ ದಿನ ಎಲ್ಲ ಮುಗಿಸುತ್ತೇನೆ ಅಂತ ಸೊಂಟ ಮುರಿದುಕೊಳ್ಳಬೇಡಿ. ದಿನಕ್ಕೆ ಒಂದು ಮೂಲೆ, ಬೆಳಗಿನ ತಂಪು ಹೊತ್ತಿನಲ್ಲಿ ಒಂದು ತಾಸು ಸಾಕು. ತೆಗೆದದ್ದನ್ನು ಮೂರು ಗುಂಪು ಮಾಡಿ: ಇಟ್ಟುಕೊಳ್ಳುವುದು, ಯಾರಿಗಾದರೂ ಕೊಡುವುದು, ಭಂಗಾರದವನಿಗೆ ಹಾಕುವುದು.

ಇಲ್ಲೇ ಜಗಳ ಶುರು! ಯಜಮಾನರು, "ಇರ್ಲಿ ಬಿಡು, ಯಾವಾಗ ಬೇಕಾಗ್ತೈತಿ ಹೇಳಾಕ ಬರಾಂಗಿಲ್ಲ" ಅನ್ನುತ್ತಾರೆ. ಅತ್ತೆಯವರು, "ಅದು ನಿಮ್ಮ ಮಾವನವರ ಕಾಲದ್ದು, ಒಗೀಬ್ಯಾಡವಾ" ಅನ್ನುತ್ತಾರೆ. ವಾದ ಮಾಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಟ್ರಂಕು ಕೊಟ್ಟುಬಿಡಿ. ಅದರಲ್ಲಿ ಹಿಡಿಸಿದ್ದು ಉಳಿಯಲಿ, ಮಿಕ್ಕಿದ್ದು ಹೋಗಲಿ. ಯಾವುದು ಬೇಡ ಅನ್ನುವುದು ಅವರಿಗೇ ಗೊತ್ತಾಗುತ್ತದೆ.

ಇಲಿಯ ಹಿಂದೆ ಹಾವು

ಜೋಳದ ಚೀಲ, ಹಿಂಡಿ ಚೀಲ ನೆಲದ ಮೇಲಿದ್ದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಕಾಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಕಟ್ಟಿಗೆ, ಕುಳ್ಳು, ಇಟ್ಟಿಗೆಯ ರಾಶಿ ಮನೆ ಗೋಡೆಗೆ ತಾಗಿ ಇರಬಾರದು, ದೂರವಿರಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ರಾಶಿಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ಅಲುಗಾಡಿಸಿ. ಶೆಡ್ಡಿನಲ್ಲಿ ಬಿಟ್ಟ ಬೂಟು, ಚಪ್ಪಲಿ ಕೊಡವದೆ ಕಾಲಿಗೆ ಹಾಕಬೇಡಿ.

ಸೆಕೆ ಅಂತ ಅಂಗಳದಲ್ಲಿ ಹಾಸಿಕೊಂಡು ಮಲಗುವುದು ನಮ್ಮಲ್ಲಿ ರೂಢಿ. ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿಕೊಂಡು ಮಲಗಿ. ಕಟ್ಟುಹಾವು ರಾತ್ರಿಯೇ ಓಡಾಡುವುದು. ಅದು ಕಚ್ಚಿದರೆ ನೋವೇ ಗೊತ್ತಾಗದೆ ಇರಬಹುದು.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ಬಳೆ, ಉಂಗುರ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಅಲ್ಲಿ ವಿಷನಿರೋಧಕ ಚುಚ್ಚುಮದ್ದಿಗೆ ದುಡ್ಡಿಲ್ಲ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಕೆಂಪು ಚೇಳನ್ನೂ ಹಗುರವಾಗಿ ನೋಡಬೇಡಿ, ಅದರ ವಿಷ ಮಕ್ಕಳ ಹೃದಯಕ್ಕೆ ಕುತ್ತು. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟರು. ಅಂದರೆ ಚೇಳಿಗೂ ಮದ್ದಿದೆ, ಮಂತ್ರದ ಹಿಂದೆ ಹೊತ್ತು ಕಳೆಯಬಾರದು ಅಷ್ಟೇ.

ಹೊಲದ ಎಣ್ಣೆಗೆ ಕೀಲಿ

ಪೇಟೆಯಲ್ಲಿ ಮನೆ, ಊರಲ್ಲಿ ಹೊಲ ಇರುವವರೇ ನಮ್ಮಲ್ಲಿ ಹೆಚ್ಚು. ಕಬ್ಬಿಗೆ, ತಂಬಾಕಿಗೆ, ಅಥಣಿ ಕಡೆ ದ್ರಾಕ್ಷಿಗೆ ಹೊಡೆದು ಉಳಿದ ಔಷಧ ಶೆಡ್ಡಿನ ಮೂಲೆಗೆ ಬಂದು ಕೂರುತ್ತದೆ. ಮಾತಿನಲ್ಲಿ ಅದನ್ನು ನಾವು 'ಎಣ್ಣೆ' ಅನ್ನುತ್ತೇವೆ. ಎಣ್ಣೆ ಅಂದರೆ ಮಕ್ಕಳಿಗೆ ಅಡುಗೆಮನೆಯೇ ನೆನಪಾಗುವುದು! ಇನ್ನು ಅದನ್ನು ತಂಪುಪಾನೀಯದ ಬಾಟಲಿಗೆ ಸುರಿದಿಟ್ಟರಂತೂ ಕೇಳುವುದೇ ಬೇಡ. ಬಿಸಿಲಿನಲ್ಲಿ ಆಡಿ ಬಂದ ಮಗು ಬಾಟಲಿ ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ.

ಔಷಧ ಅದರ ಡಬ್ಬಿಯಲ್ಲೇ ಇರಲಿ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ವಿಷವೇ. ತಲೆಗಿಂತ ಎತ್ತರದಲ್ಲಿ ಒಂದು ಕಪಾಟು ಹೊಡೆಸಿ, ಕೀಲಿ ಹಾಕಿ. ಫಿನಾಯಿಲ್, ಆ್ಯಸಿಡ್, ಇಲಿ ಪಾಷಾಣ ಎಲ್ಲ ಅಲ್ಲಿಗೇ ಹೋಗಲಿ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.

ಅಂದಹಾಗೆ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಚಾಲೂ ಇಡಬಾರದು. ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಒಣಗಿದ ಟೈರಿನಲ್ಲೂ ಸೊಳ್ಳೆ

ಡೆಂಗಿ ಸೊಳ್ಳೆ ಗಟಾರದಲ್ಲಲ್ಲ, ನಮ್ಮ ಮನೆಯ ತಿಳಿನೀರಿನಲ್ಲೇ ಮೊಟ್ಟೆ ಇಡುವುದು. ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಮುಚ್ಚದ ಬ್ಯಾರಲ್ ಅದಕ್ಕೆ ಬಾಣಂತನದ ಮನೆ! ಈಗ ಬೇಸಿಗೆ, ಎಲ್ಲ ಒಣಗಿದೆ ಅನ್ನಬೇಡಿ. ಆ ಮೊಟ್ಟೆ ಒಣಗಿದ ಟೈರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. ಮೊದಲ ಮಳೆ ಬಿದ್ದು ನೀರು ನಿಂತರೆ ವಾರ-ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಆದ್ದರಿಂದ ಟೈರು ಈಗಲೇ ಭಂಗಾರಕ್ಕೆ ಹೋಗಲಿ.

ನಲ್ಲಿ ನೀರು ದಿನಾ ಬರುವುದಿಲ್ಲ, ಬ್ಯಾರಲ್ ತುಂಬದೆ ಗತಿಯಿಲ್ಲ, ನಿಜ. ತುಂಬಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಗಸಗಸ ತಿಕ್ಕಿ, ಬರೀ ನೀರು ಚೆಲ್ಲಿದರೆ ಮೊಟ್ಟೆ ಬಿಡುವುದಿಲ್ಲ. ಹಕ್ಕಿಗೆ ಇಟ್ಟ ನೀರನ್ನೂ ದಿನಾ ಬದಲಿಸಿ. 2024ರ ನಿಯಮದಂತೆ ಸೊಳ್ಳೆ ಸಾಕುವ ಮನೆಗೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವೂ ಉಂಟು!

ಹೊಳೆದಂಡೆಯ ಮನೆಗಳಿಗೆ

2005, 2019 ಮತ್ತು 2021ರ ಮಹಾಪೂರ ನಮ್ಮಲ್ಲಿ ಯಾರು ಮರೆತಾರು? ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ಹತ್ತಿದ್ದಳು. ಚಿಕ್ಕೋಡಿಯ ಯಡೂರು, ಕಲ್ಲೋಳ, ರಾಯಬಾಗದ ಕುಡಚಿ, ಕಾಗವಾಡದ ಜುಗೂಳ ಕಡೆಯವರು ಕೃಷ್ಣೆಯ ಸಿಟ್ಟನ್ನು ಕಣ್ಣಾರೆ ಕಂಡವರು. ಅಂಥ ಊರುಗಳಲ್ಲಿ ನಿಮ್ಮ ಮನೆಯೋ ತವರುಮನೆಯೋ ಇದ್ದರೆ, ಆಗ ನೀರು ಎಷ್ಟು ಎತ್ತರ ಬಂದಿತ್ತು ಎಂದು ಶೆಡ್ಡಿನ ಗೋಡೆಯ ಮೇಲೆ ಬಣ್ಣದ ಗೆರೆ ಎಳೆಸಿ. ಬೋರಿನ ಮೋಟರು, ಹೊಲಿಗೆ ಯಂತ್ರ, ಇನ್ವರ್ಟರ್ ಬ್ಯಾಟರಿ ಆ ಗೆರೆಯ ಮೇಲೆಯೇ ಇರಬೇಕು. ಗೆರೆ ಸೂರಿಗಿಂತ ಮೇಲಿದ್ದರೆ ಬೆಲೆಬಾಳುವುದೇನೂ ಅಲ್ಲಿ ಬೇಡ. ಖಾತೆ-ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡ್ ಶೆಡ್ಡಿನ ಟ್ರಂಕಿನಲ್ಲಿದ್ದರೆ ಇಂದೇ ಒಳಗೆ ತಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಘಟ್ಟದಲ್ಲಿ ಮಳೆ ಜೋರಾಗಿ ಹೊಳೆ ಏರತೊಡಗಿದಾಗ ಹುಡುಕುತ್ತ ಕೂರಲು ಪುರಸೊತ್ತು ಇರುವುದಿಲ್ಲ.

ಗೋಡೆಗೆ ಸಂಸಾರ

ನೆಲ ಖಾಲಿಯಾಯಿತೇ? ಈಗ ಗೋಡೆಗೆ ಮೊಳೆ ಹೊಡೆಸಿ. ಸಲಿಕೆ, ಕುಡಗೋಲು, ಹಗ್ಗ, ನೀರಿನ ಪೈಪು ಅಲ್ಲಿ ತೂಗಲಿ. ಕುಡಗೋಲಿನ ಬಾಯಿ ಗೋಡೆಯ ಕಡೆಗಿರಲಿ. ಪಾನಾ, ಇಕ್ಕಳ, ಮೊಳೆ, ನಟ್ಟುಬೋಲ್ಟಿಗೆ ಹಾರ್ಲಿಕ್ಸ್ ಬಾಟಲಿ ಸಾಕು, ಒಳಗಿರುವುದು ಕಾಣುತ್ತದೆ. ಬಾಗಿಲ ಬಳಿ ಚಪ್ಪಲಿಗೆ ಎರಡು ಹಲಗೆಯ ಸ್ಟ್ಯಾಂಡು ಇರಲಿ. ಅಥಣಿ, ನಿಪ್ಪಾಣಿಯಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಂಥ ಚರ್ಮದ ಚಪ್ಪಲಿಯನ್ನು ತೇವದ ನೆಲದ ಮೇಲೆ ಬಿಟ್ಟು ಬೂಸಲು ಹಿಡಿಸುವುದೇ?

ಇಷ್ಟಾದ ಮೇಲೆ ಅಂಗಳ ಗುಡಿಸಿ, ತೊಳೆದು, ರಂಗೋಲಿ ಹಾಕಿ. ಯುಗಾದಿ ಮುಗಿದ ಮಾರನೆಯ ದಿನವೇ ಸಂಡಿಗೆ, ಹಪ್ಪಳ, ಶ್ಯಾವಿಗೆಗೆ ಅದೇ ಬಿಸಿಲು, ಅದೇ ಜಾಗ. ಒಣಮೆಣಸಿನಕಾಯಿಗೂ ಬೇರೆ ಮನೆಯವರ ಮಾಳಿಗೆ ಕೇಳಬೇಕಿಲ್ಲ.

ಕೊನೆಗೊಂದು ಮಾತು. ಇದನ್ನೆಲ್ಲ ನೀವೊಬ್ಬರೇ ಮಾಡಬೇಡಿ. ಭಾರ ಎತ್ತುವುದು ಯಜಮಾನರಿಗೆ, ಬಾಟಲಿಗೆ ಚೀಟಿ ಅಂಟಿಸುವುದು ಮಕ್ಕಳಿಗೆ ಇರಲಿ. ಕೆಲಸ ಮುಗಿದ ದಿನವೇ ಎಲ್ಲರೆದುರು ಒಂದು ಕಾನೂನು ಮಾಡಿಬಿಡಿ: ಕಾಣುತ್ತಿರುವ ಈ ನೆಲದ ಮೇಲೆ ಮೊದಲ ಸಾಮಾನು ಯಾರು ತಂದಿಡುತ್ತಾರೋ, ಮುಂದಿನ ಯುಗಾದಿಗೆ ಶೆಡ್ಡು ಅವರದೇ!