ತನ್ನನ್ನು ತಾನು ಉಣ್ಣದ ಜಠರ

ಮಗುವಿಗೆ ಹಾಲೂಡಿಸಿ, ಅದರ ಹೊಟ್ಟೆಯನ್ನು ಮೆಲ್ಲನೆ ಸವರುತ್ತ ‘ವಾತಾಪಿ ಜೀರ್ಣೋಭವ’ ಎನ್ನುವ ಅಜ್ಜಿಯರು ಇಂದಿಗೂ ಇದ್ದಾರೆ. ಟಗರಿನ ರೂಪದಲ್ಲಿ ಬೆಂದು ಎಲೆಗೆ ಬಂದ ರಾಕ್ಷಸನನ್ನು ಅಗಸ್ತ್ಯರು ಅರಗಿಸಿಕೊಂಡ ಕಥೆ ಎಲ್ಲರಿಗೂ ತಿಳಿದುದೇ. ಆದರೆ ಟಗರಿನ ಮಾಂಸವನ್ನು ಕರಗಿಸಿದ ಜಠರವೂ ಮಾಂಸದಿಂದಲೇ ಆದುದಲ್ಲವೆ? ಅದು ತನ್ನನ್ನೇ ತಾನು ಏಕೆ ಅರಗಿಸಿಕೊಳ್ಳಲಿಲ್ಲ?

ಪ್ರಶ್ನೆ ಹುಡುಗಾಟದ್ದಲ್ಲ. ಜಠರದಲ್ಲಿ ಸ್ರವಿಸುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದರು. ಮಾಂಸದ ಪ್ರೋಟೀನನ್ನು ತುಂಡರಿಸುವ ಪೆಪ್ಸಿನ್ ಎಂಬ ವಸ್ತುವನ್ನು ಜರ್ಮನಿಯ ಥಿಯೊಡೋರ್ ಶ್ವಾನ್ 1836ರಲ್ಲಿ ಕಂಡುಹಿಡಿದರು. ಇವೆರಡೂ ಕೂಡಿದ ರಸವನ್ನು ದಿನವೂ ಒಂದೂವರೆ ಲೀಟರಿನಷ್ಟಾದರೂ ತುಂಬಿಕೊಳ್ಳುವ ಚೀಲ ಒಂದು ದಿನವಾದರೂ ಹೇಗೆ ಉಳಿದೀತು?

ಉತ್ತರ ಬರಿಗಣ್ಣಿಗೆ ಕಾಣುವಂಥದಲ್ಲ. ಜಠರದ ಗೋಡೆಯ ಚೂರೊಂದನ್ನು ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾಲ್ಕು ಪದರಗಳು ತೋರುತ್ತವೆ. ಅನ್ನನಾಳದಿಂದ ಗುದದವರೆಗೆ ಹೆಚ್ಚುಕಡಮೆ ಇದೇ ಕಟ್ಟಡ. ಹೊರಗಿನದು ನುಣುಪಾದ ತೆಳುಪೊರೆ. ಅದರೊಳಗೆ ಸ್ನಾಯುಪದರ, ಕರುಳಿನಲ್ಲಿ ಉದ್ದಕ್ಕೊಂದು, ಸುತ್ತಲೂ ಒಂದು, ಹೀಗೆ ಎರಡು ಹಾಸು. ಅನ್ನವನ್ನು ಕಡೆಯಬೇಕಾದ ಜಠರಕ್ಕೆ ಓರೆಯಾಗಿ ಮೂರನೆಯದೊಂದು. ಬಳಿಕ ರಕ್ತನಾಳಗಳು ಹಬ್ಬಿದ ಸಡಿಲ ಪದರ. ಸ್ನಾಯುಗಳ ನಡುವೆಯೂ ಈ ಸಡಿಲ ಪದರದಲ್ಲಿಯೂ ನರಗಳ ಬಲೆಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಕರುಳು ಚಲಿಸಬಲ್ಲುದು ಇವುಗಳ ಬಲದಿಂದಲೇ.

ಆದರೆ ಕೌತುಕವೆಲ್ಲ ಇರುವುದು ನಾಲ್ಕನೆಯ ಪದರದಲ್ಲಿ, ಅನ್ನಕ್ಕೆ ತಾಗುವ ಲೋಳ್ಪೊರೆಯಲ್ಲಿ. ಜಠರದ ಈ ಪೊರೆಯ ತುಂಬ ಲಕ್ಷಾಂತರ ಕಿರುಕುಳಿಗಳು. ಕುಳಿಗಳ ತಳದಲ್ಲಿ ಕೊಳವೆಯಂತಹ ಗ್ರಂಥಿಗಳು. ಗ್ರಂಥಿಯ ಒಂದು ಬಗೆಯ ಕೋಶ ಆಮ್ಲವನ್ನು ಸುರಿಸುತ್ತದೆ, ಇನ್ನೊಂದು ಬಗೆಯದು ಪೆಪ್ಸಿನ್ನನ್ನು ಒದಗಿಸುತ್ತದೆ. ಹೊರಡುವಾಗ ಆ ಪೆಪ್ಸಿನ್ ಒರೆಯೊಳಗಿನ ಕತ್ತಿ. ಆಮ್ಲ ತಾಗಿದ ಮೇಲೆಯೇ ಅದರ ಅಲಗು ಹೊರಬೀಳುವುದು. ಮೇಲ್ಮೈಯ ಕೋಶಗಳ ಕೆಲಸವೇ ಬೇರೆ. ಅವು ಸದಾ ಲೋಳೆಯನ್ನು ಸ್ರವಿಸುತ್ತ, ಅಡಿಗೆ ಸೋಡಾದಲ್ಲಿರುವ ಬೈಕಾರ್ಬನೇಟನ್ನು ಅದರೊಡನೆ ಬೆರೆಸುತ್ತಿರುತ್ತವೆ. ಒಂದು ಮಿಲಿಮೀಟರೂ ದಪ್ಪವಿಲ್ಲದ ಆ ಲೋಳೆಯ ಹೊರಮೈಯಲ್ಲಿ ತೀಕ್ಷ್ಣವಾದ ಆಮ್ಲ. ಕೋಶಕ್ಕೆ ತಾಗುವೆಡೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ಇಷ್ಟಾದರೂ ಕೋಶಗಳು ಸವೆಯುತ್ತವೆ. ಸವೆದವು ಉದುರಿ, ಕುಳಿಯೊಳಗಿಂದ ಹೊಸವು ಮೇಲೇರಿ, ನಾಲ್ಕಾರು ದಿನಗಳಲ್ಲಿ ಮೇಲ್ಮೈಯೆಲ್ಲ ಬದಲಾಗುತ್ತದೆ. ಈ ಸೋಮವಾರದ ಊಟವನ್ನು ಬರಮಾಡಿಕೊಂಡ ಒಳಮೈ ಮುಂದಿನ ಸೋಮವಾರ ಇರುವುದಿಲ್ಲ.

ಈ ಕಾವಲು ಕುಸಿದಲ್ಲಿ ಹುಣ್ಣು. ಜಠರದಲ್ಲಿಯೂ ಸಣ್ಣ ಕರುಳಿನ ಆರಂಭದಲ್ಲಿಯೂ ಆಗುವ ಈ ಹುಣ್ಣಿಗೆ ಚಿಂತೆ, ಖಾರ, ಹೆಚ್ಚಿದ ಆಮ್ಲ ಇವೇ ಕಾರಣವೆಂದು ಬಹುಕಾಲ ವೈದ್ಯರೂ ನಂಬಿದ್ದರು. ಹಾಲು, ಸಪ್ಪೆ ಊಟಗಳಲ್ಲಿ ರೋಗಿಗಳು ವರ್ಷಗಳನ್ನೇ ಕಳೆದರು. ಜಠರದ ಒಂದು ಭಾಗವನ್ನೇ ಕೊಯ್ಯಿಸಿಕೊಂಡವರೂ ಉಂಟು. 1979ರಲ್ಲಿ ಆಸ್ಟ್ರೇಲಿಯದ ರಾಯಲ್ ಪರ್ತ್ ಆಸ್ಪತ್ರೆಯ ರಾಬಿನ್ ವಾರೆನ್ ಎಂಬ ವೈದ್ಯರು ಲೋಳ್ಪೊರೆಯ ಚೂರನ್ನು ಪರೀಕ್ಷಿಸುವಾಗ, ಕೋಶಗಳಿಗೆ ಅಂಟಿಕೊಂಡ ಬಾಗಿದ ಬ್ಯಾಕ್ಟೀರಿಯಗಳನ್ನು ಕಂಡರು. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬಾಳದೆಂಬುದು ಆಗಿನ ಪಾಠ, ನಂಬಿದವರು ಕಡಮೆ. 1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವರೊಡನೆ ಸೇರಿದರು. ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನ ಮತ್ತೆ ಮತ್ತೆ ಸೋತಿತು. 1982ರ ಈಸ್ಟರ್ ರಜೆಯಲ್ಲಿ, ಎರಡೇ ದಿನಕ್ಕೆ ಎಸೆಯುತ್ತಿದ್ದ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು, ಬ್ಯಾಕ್ಟೀರಿಯ ಬೆಳೆದಿತ್ತು! ರಜೆಗಳಿಂದ ವಿಜ್ಞಾನಕ್ಕಾದ ಲಾಭವನ್ನು ಯಾರಾದರೂ ಲೆಕ್ಕಹಾಕಬೇಕು.

1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಆರಂಭವಾಯಿತು. ಬಳಿಕ ತೆಗೆದ ಲೋಳ್ಪೊರೆಯ ಚೂರಿನಲ್ಲಿ ಉರಿಯೂತವೂ ಬ್ಯಾಕ್ಟೀರಿಯವೂ ಕಂಡವು. ಹುಣ್ಣಾಗಲಿಲ್ಲ, ನಿಜ, ಆದರೆ ನೆಟ್ಟಗಿದ್ದ ಪೊರೆಯನ್ನು ಅದು ಕೆಡಿಸಬಲ್ಲುದೆಂಬುದು ಖಚಿತವಾಯಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿ ಯೂರಿಯದಿಂದ ಅಮೋನಿಯವನ್ನು ತಯಾರಿಸಿ, ತನ್ನ ಸುತ್ತಲಿನ ಆಮ್ಲವನ್ನು ಅಡಗಿಸಿ, ಲೋಳೆಯ ಮರೆಯಲ್ಲಿ ಬಿಡಾರ ಹೂಡುತ್ತದೆ. ಜಠರ ತನಗಾಗಿ ಕಟ್ಟಿಕೊಂಡ ಕೋಟೆಯಲ್ಲಿಯೇ ಶತ್ರುವಿನ ವಾಸ! ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈಗ ಒಂದೆರಡು ವಾರ ಆಂಟಿಬಯೋಟಿಕ್ ಮಾತ್ರೆಗಳನ್ನು ಕೊಟ್ಟು ಬ್ಯಾಕ್ಟೀರಿಯವನ್ನು ನೀಗಿದರೆ ಇಂತಹ ಹುಣ್ಣು ಸಾಮಾನ್ಯವಾಗಿ ಮಾಯುತ್ತದೆ.

ಲೋಳ್ಪೊರೆಗೆ ಇನ್ನೊಬ್ಬ ಶತ್ರು ಮನೆಯ ಔಷಧದ ಡಬ್ಬಿಯಲ್ಲಿಯೇ ಇದ್ದಾನೆ. ಲೋಳೆಯ ಸ್ರಾವವನ್ನು ಪೋಷಿಸುವ ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ಆಸ್ಪಿರಿನ್ ತಡೆಯುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳದೂ ಇದೇ ಗುಣ. ಊಟವಾದ ಮೇಲೆ ನುಂಗಿದರೆ ತೊಂದರೆಯಿಲ್ಲವೆಂಬ ನಂಬಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಮಾತ್ರೆ ರಕ್ತವನ್ನು ಸೇರಿ ಅಲ್ಲಿಂದಲೂ ಪೊರೆಯನ್ನು ಬಾಧಿಸಬಲ್ಲುದು. ಮಂಡಿನೋವಿಗೆಂದು ತಿಂಗಳುಗಟ್ಟಲೆ ಇವನ್ನು ನುಂಗುವ ಹಿರಿಯರಿಗೆ ಮಲವು ಡಾಂಬರಿನಂತೆ ಕಪ್ಪಾಗಿ ಹೋಗತೊಡಗಿದರೆ, ಹುಣ್ಣಿನಿಂದ ರಕ್ತ ಒಸರುತ್ತಿರಬಹುದು. ಆಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ವೈದ್ಯರನ್ನು ಕಾಣಬೇಕು.