ಶೋಕೇಸಿನಲ್ಲಿ ನಿಂತ ರಾಕ್ಷಸರು: ಭಯದ ಸಿನಿಮಾ ಖಳರ ಗೊಂಬೆ ಸಂಗ್ರಹ

ಆಲಸನತ್ತಂ ಕಡೆ ಹೊಸದಾಗಿ ಏಳುತ್ತಿರುವ ಮನೆಗಳನ್ನು ನೋಡಿದ್ದೀರಲ್ಲ. ಗೋಡೆ ಏಳುವಷ್ಟರಲ್ಲಿ ಕೋರೆಹಲ್ಲು, ಹುರಿಮೀಸೆ, ಹೊರಚಾಚಿದ ಕೆಂಪು ನಾಲಿಗೆಯ ದೃಷ್ಟಿಗೊಂಬೆಯೊಂದು ಮುಂದೆ ತೂಗುತ್ತದೆ. ಅದನ್ನು ಯಾರೂ ಅಪಶಕುನ ಅನ್ನುವುದಿಲ್ಲ. ಅದೇ ಮನೆ ಮುಗಿದು ಗೃಹಪ್ರವೇಶವಾದ ಮೇಲೆ, ಮಗ ತನ್ನ ಕೋಣೆಯ ಶೋಕೇಸಿನಲ್ಲಿ ಮುಖವಾಡ ಹಾಕಿ ಮಚ್ಚು ಹಿಡಿದ ಗೊಂಬೆಯೊಂದನ್ನು ನಿಲ್ಲಿಸಿದರೆ ಮಾತ್ರ, "ಮನೇಲಿ ಇಂಥದ್ದೆಲ್ಲ ಯಾಕಪ್ಪಾ?" ಎಂಬ ಪ್ರಶ್ನೆ ಬರುತ್ತದೆ. ನಮ್ಮ ಸದಸ್ಯರ ಕೆಲವು ಮನೆಗಳಲ್ಲೂ ಈ ಮಾತು ನಡೆದಿದೆ. ಆದ್ದರಿಂದ ಈ ಹವ್ಯಾಸ ಏನು, ಅದರಲ್ಲಿ ಒಪ್ಪಬಹುದಾದದ್ದು ಎಷ್ಟು ಎಂದು ಹಿರಿಯರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಒಬ್ಬ ಕೊಲೆಗಾರ, ಅವನಿಗೊಂದು ಮುಖವಾಡ ಅಥವಾ ವಿಕಾರ ಮುಖ, ಕೈಯಲ್ಲಿ ಹರಿತವಾದ ಆಯುಧ, ಒಬ್ಬೊಬ್ಬರಾಗಿ ಸಾಯುವ ಯುವಕ ಯುವತಿಯರು. ಇಂಥ ಅಮೆರಿಕನ್ ಚಿತ್ರಗಳಿಗೆ ಸ್ಲ್ಯಾಷರ್ ಎಂದು ಹೆಸರು. 1974ರ 'ಟೆಕ್ಸಾಸ್ ಚೈನ್ ಸಾ ಮಾಸಕರ್' ಚಿತ್ರದ ಲೆದರ್‌ಫೇಸ್, 1978ರ 'ಹ್ಯಾಲೋವೀನ್' ಚಿತ್ರದ ಮೈಕಲ್ ಮೈಯರ್ಸ್, 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಜೇಸನ್, 1984ರಲ್ಲಿ ಬಂದ ಫ್ರೆಡ್ಡಿ ಕ್ರೂಗರ್, 1988ರ ಚಕ್ಕಿ. ಸಂಗ್ರಾಹಕರ ಬಾಯಲ್ಲಿ ಹೆಚ್ಚು ಕೇಳಿಬರುವುದು ಈ ಐವರು.

ಬರೀ ಭಯಕ್ಕಾಗಿ ಇವನ್ನು ಕೊಳ್ಳುತ್ತಾರೆ ಅಂದುಕೊಂಡರೆ ಅರ್ಧ ಮಾತ್ರ ಸರಿ. ಉಳಿದರ್ಧ ವಿವರಗಳ ಹುಚ್ಚು. ಜೇಸನ್ ಎಂದರೆ ಹಾಕಿ ಗೋಲ್‌ಕೀಪರಿನ ಮುಖವಾಡ ಎಂದು ಎಲ್ಲರೂ ಹೇಳುತ್ತಾರೆ. ಆದರೆ 1980ರ ಮೊದಲ ಚಿತ್ರದಲ್ಲಿ ಕೊಲೆ ಮಾಡುವುದು ಅವನಲ್ಲ, ಅವನ ತಾಯಿ. 1981ರ ಎರಡನೆಯದರಲ್ಲಿ ಅವನು ತಲೆಗೆ ಚೀಲ ಕಟ್ಟಿಕೊಂಡಿರುತ್ತಾನೆ. ಮುಖವಾಡ ಸಿಗುವುದು 1982ರ ಮೂರನೆಯ ಚಿತ್ರದಲ್ಲಿ. ಹಾಗಾಗಿ ಚೀಲದ ತಲೆಯ ಜೇಸನ್ ಗೊಂಬೆ ಕಂಡರೆ ಅದು ಯಾವ ಚಿತ್ರದ್ದು ಎಂದು ತಿಳಿದವರು ತಕ್ಷಣ ಹೇಳುತ್ತಾರೆ. ಮೈಕಲ್ ಮೈಯರ್ಸ್‌ನ ಬಿಳಿಚಿದ ಮುಖದ ಕಥೆ ಇನ್ನೂ ಚೆನ್ನಾಗಿದೆ. ಚಿತ್ರತಂಡದ ಕೈಯಲ್ಲಿ ದುಡ್ಡಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖವಾಡಕ್ಕೆ ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತು ದೊಡ್ಡದು ಮಾಡಿ ಬಳಸಿದರು. ಒಳ್ಳೆಯ ಗೊಂಬೆಯಲ್ಲಿ ಆ ನಟನ ಮುಖದ ಛಾಯೆ ಈಗಲೂ ಹಿಡಿಯಬಹುದು.

ಕಲೆಗಾರನ ಕೈಚಳಕ ಖಳನ ಮುಖದಲ್ಲೇ ಹೆಚ್ಚು ತೆರೆದುಕೊಳ್ಳುತ್ತದೆ ಎಂಬುದು ನಮ್ಮ ಕಾಸರಗೋಡಿನ ಸದಸ್ಯರಿಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷಕ್ಕೆ ಹಿಡಿಯುವಷ್ಟು ಹೊತ್ತು ಪುಂಡುವೇಷಕ್ಕೆ ಹಿಡಿಯುವುದಿಲ್ಲ. ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಲ್ಲಿ ಒಂದೊಂದೇ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು. ದಸರಾ ಗೊಂಬೆಯ ಮೆಟ್ಟಿಲಲ್ಲಿ ಚಾಮುಂಡಿಯ ಜತೆ ಮಹಿಷಾಸುರನೂ ಇರುತ್ತಾನೆ. ಅವನಿಲ್ಲದೆ ಆಕೆಯ ಕಥೆ ಹೇಳುವುದು ಹೇಗೆ?

ಆದರೂ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದು ಬೇಡ. ನಮ್ಮ ಅಸುರರು ಕಥೆಯ ಕೊನೆಗೆ ಸಾಯುತ್ತಾರೆ. ಜೇಸನ್, ಫ್ರೆಡ್ಡಿ ಸಾಯುವುದಿಲ್ಲ, ಮುಂದಿನ ಭಾಗಕ್ಕೆ ಮತ್ತೆ ಎದ್ದು ಬರುತ್ತಾರೆ. ಆ ಚಿತ್ರಗಳಲ್ಲಿ ಹೆಣ್ಣುಮಕ್ಕಳ ಸಾವನ್ನು ತಮಾಷೆಯಂತೆ ತೋರಿಸಿದ ಭಾಗಗಳೂ ಬೇಕಾದಷ್ಟಿವೆ. ಮನೆಯ ಹೆಂಗಸರು ಮುಖ ಸಿಂಡರಿಸಿದರೆ ಅದನ್ನು ಬರೀ ಹಳೇಕಾಲದ ಯೋಚನೆ ಎಂದು ತಳ್ಳಿಹಾಕುವಂತಿಲ್ಲ.

ಈ ತಕರಾರು ಅಮೆರಿಕದಲ್ಲೂ ನಡೆದಿದೆ. 1979ರಲ್ಲಿ ಕೆನ್ನರ್ ಕಂಪನಿ 'ಏಲಿಯನ್' ಚಿತ್ರದ 18 ಇಂಚಿನ ಪ್ರಾಣಿಯನ್ನು ಮಕ್ಕಳ ಆಟಿಕೆಯಾಗಿ ಮಾರಿತು. ಚಿತ್ರವೇ ಮಕ್ಕಳು ನೋಡುವಂಥದ್ದಲ್ಲ, ಆಟಿಕೆ ಹೇಗೆ ಎಂದು ಪೋಷಕರು ಕೇಳಿದರು. 1989ರಲ್ಲಿ ಮ್ಯಾಚ್‌ಬಾಕ್ಸ್ ತಂದ ಮಾತನಾಡುವ ಫ್ರೆಡ್ಡಿ ಗೊಂಬೆಯೂ ವಿರೋಧ ಎದುರಿಸಿ ಅಂಗಡಿಗಳಿಂದ ಹಿಂದೆ ಸರಿಯಿತು. ದಾರಿ ತೋರಿಸಿದ್ದು 1998ರಲ್ಲಿ ಮ್ಯಾಕ್‌ಫಾರ್ಲೇನ್ ಟಾಯ್ಸ್ ಹೊರತಂದ 'ಮೂವಿ ಮೇನಿಯಾಕ್ಸ್' ಸರಣಿ. ಇದು ಮಕ್ಕಳಿಗಲ್ಲ, ದೊಡ್ಡವರ ಕಪಾಟಿಗೆ ಎಂಬಂತೆ ಅದನ್ನು ರೂಪಿಸಿದರು. ಈಗ ನೆಕಾ ಕಂಪನಿಯ ಏಳು ಇಂಚಿನ ಗೊಂಬೆಗಳೂ ಅದೇ ದಾರಿಯವು. ಪೆಟ್ಟಿಗೆಯ ಮೇಲೆ ವಯಸ್ಸಿನ ಮಿತಿ ಅಚ್ಚಾಗಿರುತ್ತದೆ. ಅದನ್ನು ಓದಿ, ಪಾಲಿಸಿ.

ನಮ್ಮ ಅಭಿಪ್ರಾಯ ಕೇಳಿದರೆ, ಇಂಥ ಗೊಂಬೆ ದಸರಾ ಮೆಟ್ಟಿಲಿಗೆ ಬೇಡ, ಹಾಲಿನ ಟಿವಿ ಪಕ್ಕಕ್ಕೂ ಬೇಡ. ಇಟ್ಟವರ ಕೋಣೆಯಲ್ಲಿ, ಗಾಜಿನ ಬಾಗಿಲೊಳಗೆ, ಚಿಕ್ಕ ಮಕ್ಕಳ ಕಣ್ಣಿಗಿಂತ ಮೇಲೆ ಇರಲಿ. ಇನ್ನೊಂದು ಗೆರೆಯನ್ನೂ ಎಳೆಯಬೇಕು. ಲೆದರ್‌ಫೇಸ್ ಪಾತ್ರಕ್ಕೆ 1957ರಲ್ಲಿ ಸಿಕ್ಕಿಬಿದ್ದ ಎಡ್ ಗೀನ್ ಎಂಬ ನಿಜವಾದ ಕೊಲೆಗಾರನ ಎಳೆ ಇದೆ. ಸಿನಿಮಾ ಪಾತ್ರದ ಗೊಂಬೆ ಇಡುವುದು ಬೇರೆ, ನಿಜವಾದ ಕೊಲೆಗಾರರ ವಸ್ತು, ಸಹಿ ಸೇರಿಸುವುದು ಬೇರೆ. ಎರಡನೆಯದರ ಹಿಂದೆ ಸತ್ತವರ ಮನೆಯವರು ಇದ್ದಾರೆ. ಅದಕ್ಕೆ ನಮ್ಮ ಬೆಂಬಲವಿಲ್ಲ.

ಇನ್ನು ದುಡ್ಡಿನ ವಿಷಯ. ಆಮದು ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಹೊರದೇಶದಿಂದ ತರಿಸುವವರು ಗೊಂಬೆಯ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕಬಾರದು. ತೀರಾ ಅಗ್ಗಕ್ಕೆ ಸಿಕ್ಕಿದರೆ ನಕಲಿಯೇ ಇರಬಹುದು. ಕಣ್ಣಿನ ಬಣ್ಣ ಗೆರೆ ದಾಟಿದೆಯೇ, ಪೆಟ್ಟಿಗೆಯಲ್ಲಿ ಕಾಗುಣಿತ ತಪ್ಪಿದೆಯೇ, ಪಾದದಡಿ ಅಥವಾ ಬೆನ್ನ ಮೇಲೆ ಕಂಪನಿಯ ಅಚ್ಚು ಇದೆಯೇ, ಪ್ಲಾಸ್ಟಿಕ್ ಘಾಟು ಹೊಡೆಯುತ್ತಿದೆಯೇ ನೋಡಿ. ನಕಲಿಯ ಬಣ್ಣದಲ್ಲಿ ಏನಿದೆಯೋ ಹೇಳಲಾಗದು, ಮಕ್ಕಳ ಬಾಯಿಗೆ ಹೋಗದಿರಲಿ. ಸಂಬಳದ ಮೊದಲ ವರ್ಷದಲ್ಲೇ ಕಂತಿನ ಮೇಲೆ ಸಾಲು ಸಾಲು ಕೊಳ್ಳುವುದಂತೂ ಬೇಡವೇ ಬೇಡ. ಒಂದು ಪಾತ್ರ ಆರಿಸಿಕೊಂಡು ಅದರದ್ದೇ ನಾಲ್ಕು ರೂಪ ಸೇರಿಸಿದವರ ಸಂಗ್ರಹ ಸಿಕ್ಕಿದ್ದೆಲ್ಲ ತುಂಬಿದವರದ್ದಕ್ಕಿಂತ ನೋಡಲು ಚೆನ್ನ.

ಇಡುವ ಕ್ರಮ ಊರಿನಿಂದ ಊರಿಗೆ ಬೇರೆ. ಹೊಸೂರಿನ ಹವೆ ತಂಪು, ತೊಂದರೆ ಕಡಿಮೆ. ಕೃಷ್ಣಗಿರಿಯ ಬೇಸಿಗೆಗೆ ಮೆದು ಪ್ಲಾಸ್ಟಿಕ್ ಕಾಲು ಬಾಗಿ ಗೊಂಬೆ ವಾಲುತ್ತದೆ. ಅಂಥ ಕಾಲನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ನಿಲ್ಲುತ್ತದೆ. ಬಿಗಿದ ಕೀಲನ್ನು ಬಲವಂತವಾಗಿ ತಿರುಗಿಸುವ ಮುಂಚೆಯೂ ಇದೇ ಉಪಾಯ. ಕಾಸರಗೋಡಿನ ಮಳೆಗಾಲದಲ್ಲಿ ಗೊಂಬೆಗಿಂತ ರಟ್ಟಿನ ಪೆಟ್ಟಿಗೆಗೆ ಅಪಾಯ ಹೆಚ್ಚು: ಬೂಸಲು, ಬೆಳ್ಳಿಹುಳ. ಎಲ್ಲಿದ್ದರೂ ನೇರ ಬಿಸಿಲು ಬೇಡ, ಬಿಳಿ ಮುಖವಾಡ ಹಳದಿಯಾಗುತ್ತದೆ.

ಹೊರದೇಶದ್ದೇ ಬೇಕೆಂಬ ಹಟವೂ ಇಲ್ಲ. ದೂರದರ್ಶನದಲ್ಲಿ 'ಹೀ-ಮ್ಯಾನ್' ನೋಡಿ ಬೆಳೆದವರಿಗೆ ತಲೆಬುರುಡೆ ಮುಖದ ಸ್ಕೆಲೆಟರ್ ನೆನಪಿರಬೇಕು. ಆ ಸರಣಿಯ ಗೊಂಬೆಗಳನ್ನು ಇಲ್ಲಿ ಲಿಯೋ ಕಂಪನಿ ಪರವಾನಗಿ ಪಡೆದು ತಯಾರಿಸುತ್ತಿತ್ತು. ಎಂಆರ್‌ಎಫ್ ಬಳಗದ ಫನ್‌ಸ್ಕೂಲ್, 'ಜಿ.ಐ. ಜೋ' ಸರಣಿಯ ಮೂರೂಮುಕ್ಕಾಲು ಇಂಚಿನ ಯೋಧರನ್ನೂ ಮುಖ ಮುಚ್ಚಿದ ಕೋಬ್ರಾ ಖಳರನ್ನೂ ಮಾಡಿ ಮಾರಿತು. ಇಲ್ಲಿಯ ಅಚ್ಚುಗಳಲ್ಲಿ ಎಷ್ಟೋ ಕಡೆ ಬಣ್ಣ ಅಮೆರಿಕದ್ದಕ್ಕಿಂತ ಬೇರೆ. ಆ ಬೇರೆ ಬಣ್ಣಕ್ಕಾಗಿಯೇ ಹೊರದೇಶದವರು ಈಗ ಹುಡುಕಿ ಕೊಳ್ಳುತ್ತಾರೆ. ನಮ್ಮ ಮನೆಗಳಲ್ಲೋ, ಅಟ್ಟ ತೊಳೆಯುವ ದಿನ ಅವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ.

ಈ ಹಬ್ಬಕ್ಕೆ ಅಟ್ಟ ಇಳಿಸುವವರು ಹಳೇ ಆಟಿಕೆಯ ಡಬ್ಬ ಸಿಕ್ಕರೆ ಎಸೆಯುವ ಮುಂಚೆ ಬೆನ್ನು, ಪಾದದಡಿಯ ಅಚ್ಚು ಓದಿ. ಕೈಕಾಲು ಮುರಿದಿದ್ದರೂ ಪರವಾಗಿಲ್ಲ, ಬಿಡಿ ಆಯುಧ, ಹರಿದ ರಟ್ಟು ಸಹ ಜತೆಗಿರಲಿ. ಸೋಪು ಹಾಕಿ ಉಜ್ಜಬೇಡಿ, ಬಣ್ಣ ಹೋಗುತ್ತದೆ. ಮುಂದೆ, ಹಿಂದೆ ಒಂದೊಂದು ಫೋಟೋ ತೆಗೆದು, ಯಾವ ಊರಿನಲ್ಲಿ, ಸುಮಾರು ಯಾವ ವರ್ಷ ಕೊಂಡದ್ದು ಎಂದು ಬರೆದು ನಮಗೆ ಕಳುಹಿಸಿದರೆ ಇದೇ ಪುಟದಲ್ಲಿ ಹಾಕುತ್ತೇವೆ.