ಆಡಿದವರು ಕಲಿಸಲು ನಿಂತಾಗ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಫ್ಲೆಕ್ಸ್ ಕಾಣದ ವರ್ಷವಿಲ್ಲ. ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧ. ಕೂಲಿಗೆ ಹೋಗಿ ಬಂದ ಹುಡುಗರೂ ಕಾಲೇಜಿನ ಹುಡುಗರೂ ಒಂದೇ ಬಣ್ಣದ ಬನಿಯನ್ ತೊಟ್ಟು ಇಳಿಯುತ್ತಾರೆ. ಆಡುವವರಿಗೆ ಇಲ್ಲಿ ಎಂದೂ ಬರವಿಲ್ಲ. ಆದರೆ ಇಪ್ಪತ್ತೈದು ದಾಟಿ, ಮಂಡಿ ಸವೆದು ಆಟ ಬಿಟ್ಟವರು ಎಲ್ಲಿ ಹೋಗುತ್ತಾರೆ? ಹೆಚ್ಚಿನವರು ಪ್ರೇಕ್ಷಕರ ಸಾಲಿಗೆ. ಅವರ ಮೈಯಲ್ಲಿ ಕೂತಿರುವ ವಿದ್ಯೆ ಅವರ ಜೊತೆಗೇ ಮುಗಿದುಹೋಗುತ್ತದೆ. ಹಾಗಾಗಬೇಕಿಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ: ಬಿ.ಸಿ. ರಮೇಶ್.

ರಮೇಶ್ ಭಾರತ ತಂಡಕ್ಕೆ ಆಡಿದವರು. 2001ರ ಅರ್ಜುನ ಪ್ರಶಸ್ತಿ ಅವರಿಗೆ ಬಂತು. ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದ ಸಿ. ಹೊನ್ನಪ್ಪ ಕೂಡ ಕನ್ನಡಿಗರೇ. ಆಗ ಕಬಡ್ಡಿಗೆ ಟಿ.ವಿ. ಇರಲಿಲ್ಲ, ಕೋಟಿಯ ಹರಾಜೂ ಇರಲಿಲ್ಲ. ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರಲ್ಲಿ. ಅಷ್ಟರಲ್ಲಿ ರಮೇಶರ ಆಟದ ದಿನಗಳು ಮುಗಿದಿದ್ದವು. ಲೀಗಿನ ಬೆಳಕು ಅವರ ಮೇಲೆ ಬಿದ್ದದ್ದು ತರಬೇತುದಾರರಾಗಿ, ಗೆರೆಯ ಹೊರಗೆ ನಿಂತಾಗ.

2019 ಅವರ ಬದುಕಿನ ದೊಡ್ಡ ವರ್ಷ. ಆ ಜನವರಿ 5ರಂದು ಮುಂಬೈಯಲ್ಲಿ ಆರನೇ ಆವೃತ್ತಿಯ ಫೈನಲ್ ನಡೆಯಿತು. ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಸೋಲಿಸಿ ಮೊದಲ ಬಾರಿ ಕಪ್ ಎತ್ತಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ತಂಡದ ತರಬೇತಿ ಬಳಗದಲ್ಲಿ ರಮೇಶ್ ಇದ್ದರು. ಅದೇ ವರ್ಷ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಏಳನೇ ಆವೃತ್ತಿಯ ಫೈನಲ್. ಗೆದ್ದದ್ದು ಬೆಂಗಾಲ್ ವಾರಿಯರ್ಸ್, ಕೋಚ್ ರಮೇಶ್. ಒಂದೇ ಕ್ಯಾಲೆಂಡರ್ ವರ್ಷ, ಎರಡು ಬೇರೆ ತಂಡ, ಎರಡು ಕಪ್.

ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಗೆಲುವು. ಬೆಂಗಾಲ್ ತಂಡದ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಫೈನಲಿಗೆ ಇರಲಿಲ್ಲ. ಎದುರಿಗೆ ದಬಂಗ್ ಡೆಲ್ಲಿಯ ನವೀನ್ ಕುಮಾರ್. ಅಂದು ಅವರೊಬ್ಬರೇ ತಂದದ್ದು 18 ಅಂಕ. ಆರಂಭದಲ್ಲಿ ಡೆಲ್ಲಿ ಮುಂದೆ ಓಡಿತು, ಬೆಂಗಾಲ್ ಆಲೌಟ್ ಆಯಿತು. ಅಲ್ಲಿಂದ ಇರಾನಿನ ಮೊಹಮ್ಮದ್ ನಬಿಬಕ್ಷ್, ಕರ್ನಾಟಕದ ಸುಕೇಶ್ ಹೆಗ್ಡೆ ಮುಂತಾದವರು ಒಂದೊಂದೇ ಅಂಕ ಕೂಡಿಸುತ್ತ ತಂಡವನ್ನು ಮೇಲೆತ್ತಿದರು. ಕೊನೆಗೆ 39–34. ಮುಖ್ಯ ರೈಡರ್ ಇಲ್ಲದ ದಿನವೂ ತಂಡ ಗೆಲ್ಲಬೇಕಾದರೆ, ಬದಲಿಗೆ ಬರುವವನ ಕೆಲಸವೇನು ಎಂಬುದು ತಿಂಗಳುಗಟ್ಟಲೆ ಮೊದಲೇ ಅಭ್ಯಾಸವಾಗಿರಬೇಕು. ಆ ಅಭ್ಯಾಸ ಮಾಡಿಸುವುದೇ ಕೋಚ್ ಕೆಲಸ.

ಆ ಕೆಲಸ ಕಣ್ಣಿಗೆ ಬೀಳುವುದು ಕಡಿಮೆ. ಎಡ ಕಾರ್ನರಿನಲ್ಲಿ ನಿಂತ ಹುಡುಗನನ್ನು ನೋಡಿ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ ಕೂಡಲೇ ಅವನ ಕೈ ತುರಿಸುತ್ತದೆ. ಪಾದ ಹಿಡಿಯಲು ಹಾರುತ್ತಾನೆ. ಅರ್ಧ ಕ್ಷಣ ಬೇಗ ಹಾರಿದರೆ ಮುಗಿಯಿತು, ಅವನೂ ಔಟ್, ಪಕ್ಕದವನೂ ಔಟ್. ಕಾಲು ಪೂರ್ತಿ ನೆಲಕ್ಕೂರಿ ರೈಡರನ ಭಾರ ಅದರ ಮೇಲೆ ಬಿದ್ದಾಗ ಹಿಡಿಯಬೇಕು, ಅದೇ ಗಳಿಗೆಗೆ ಕವರಿನವನು ಸೊಂಟಕ್ಕೆ ಬರಬೇಕು. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೆ ಮಡಿ. ಒಂದು ರೈಡಿಗೆ ಸಿಗುವುದು 30 ಸೆಕೆಂಡ್. ಈ ಲೆಕ್ಕವೆಲ್ಲ ತಲೆಯಲ್ಲಿದ್ದೂ ಕಾಲು ದುಡುಕದಂತೆ ತಡೆಯುವುದು ನೂರಾರು ಸಲ ಮಾಡಿಸಿದರೆ ಮಾತ್ರ ಬರುವ ವಿದ್ಯೆ. ಚೆನ್ನಾಗಿ ಆಡಿದವರಿಗೆಲ್ಲ ಹಾಗೆ ಮಾಡಿಸುವ ತಾಳ್ಮೆ ಇರುವುದಿಲ್ಲ. ತನಗೆ ಸಹಜವಾಗಿ ಬಂದದ್ದನ್ನು ಬಿಡಿಸಿ ಹೇಳಲು ಬೇರೆಯೇ ಬುದ್ಧಿ ಬೇಕು.

ರಮೇಶರಿಗೆ ಅದಿದೆ ಎಂಬುದನ್ನು ಪುಣೆ ತೋರಿಸಿತು. 2022ರ ಡಿಸೆಂಬರಿನಲ್ಲಿ ಅವರ ಪುಣೇರಿ ಪಲ್ಟನ್ ಫೈನಲ್ ತಲುಪಿ ಜೈಪುರದ ಎದುರು 29–33ರಿಂದ ಸೋತಿತು. ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಆಕಾಶ್ ಶಿಂದೆ, ಪಂಕಜ್ ಮೋಹಿತೆಯಂಥ ಎಳೆಯರನ್ನು ಕೈಬಿಡದೆ ಮುಂದಿನ ಆವೃತ್ತಿಗೂ ಅವರನ್ನೇ ನಂಬಿದರು. ರಕ್ಷಣೆಗೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂ ಬಂದರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಗೆದ್ದು ಪುಣೆ ಮೊದಲ ಕಪ್ ಪಡೆಯಿತು. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಎರಡೂ ಕಡೆ ರಕ್ಷಣೆ ಬಿಗಿಯಾಗಿತ್ತು ಎಂದರ್ಥ. ಪಂಕಜ್ ಒಂದೇ ರೈಡಿನಲ್ಲಿ ನಾಲ್ಕು ಅಂಕ ತಂದದ್ದು ಅಂದಿನ ತಿರುವು. 2025ರಲ್ಲಿ ರಮೇಶ್ ಮತ್ತೆ ಬೆಂಗಳೂರು ಬುಲ್ಸ್‌ಗೆ ಮುಖ್ಯ ತರಬೇತುದಾರರಾಗಿ ಬಂದರು. ಹಿಂದಿನ ಆವೃತ್ತಿಯಲ್ಲಿ ಆ ತಂಡ ಪಟ್ಟಿಯ ಕೊನೆಯಲ್ಲಿತ್ತು.

ಹೆಣ್ಣುಮಕ್ಕಳಲ್ಲೂ ಈ ದಾರಿ ತೆರೆದಿದೆ. ಬೆಂಗಳೂರಿನ ತೇಜಸ್ವಿನಿ ಬಾಯಿ 2011ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಚೈನೀಸ್ ತೈಪೆಯನ್ನು 26–25ರಿಂದ ಸೋಲಿಸಿ ಭಾರತದ ಮಹಿಳೆಯರು ಚಿನ್ನ ತಂದಾಗ ಅವರು ತರಬೇತಿ ಬಳಗದಲ್ಲಿದ್ದರು. ಆ ಚಿನ್ನ ಆ ಕೂಟದಲ್ಲಿ ಭಾರತಕ್ಕೆ ನೂರನೇ ಪದಕ.

ಹೊರಗಿನ ಒಂದು ಮಾತು. ಯೂರೋಪಿನ ಎಸ್ಟೋನಿಯಾದ ಜನಸಂಖ್ಯೆ ಹೆಚ್ಚುಕಡಿಮೆ ತುಮಕೂರು ಜಿಲ್ಲೆಯ ಅರ್ಧದಷ್ಟು. ಅಲ್ಲಿನ ಟೀಟ್ ಸೋಕ್ 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಚಿನ್ನ ಗೆದ್ದವರು. ಆಟ ಮುಗಿದ ಮೇಲೆ ಕೋಚ್ ಆದರು. ಅವರ ಕೈಯಲ್ಲಿ ಎಸ್ಟೋನಿಯಾ 2015ರ ಯೂರೋಪಿಯನ್ ಚಾಂಪಿಯನ್‌ಶಿಪ್‌ಗೆ ಅರ್ಹತೆ ಪಡೆಯಿತು. ಅಷ್ಟು ಸಣ್ಣ ನಾಡು ದೊಡ್ಡವರ ಸಾಲಿಗೆ ಹೋಗಲು ಸಾಧ್ಯವಾದದ್ದರಲ್ಲಿ ಆಡಿ ಬಂದವರು ಕಲಿಸಲು ನಿಂತದ್ದರ ಪಾಲೂ ಇದೆ.

ಜಿಲ್ಲಾ ಮಟ್ಟ, ವಿಶ್ವವಿದ್ಯಾಲಯ ಮಟ್ಟದವರೆಗೆ ಆಡಿ ಈಗ ಊರಲ್ಲಿರುವವರಿಗೆ ಈ ಅಧ್ಯಾಯ ಹೇಳಬೇಕಾದದ್ದು ಇಷ್ಟೆ. ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ತರಬೇತುದಾರರ ಡಿಪ್ಲೊಮಾವನ್ನು ಆ ಸಂಸ್ಥೆ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕಿ. ಹಾಕಲಾಗದಿದ್ದರೆ ನಿಮ್ಮೂರಿನ ಹೈಸ್ಕೂಲಿನ ಪಿ.ಇ. ಮೇಷ್ಟ್ರನ್ನು ಕೇಳಿ ವಾರಕ್ಕೆ ಎರಡು ಸಂಜೆ ಮೈದಾನಕ್ಕೆ ಹೋಗಿ, ಹೋಬಳಿ ಮಟ್ಟಕ್ಕೆ ಸಿದ್ಧವಾಗುತ್ತಿರುವ ಮಕ್ಕಳಿಗೆ ಕಾರ್ನರಿನಲ್ಲಿ ಕಾಯುವುದನ್ನು ಕಲಿಸಿ.